ಜಾರ್ಜ್ ಪೀಬಾಡಿ ಎಂಬ ದಾನಶೀಲನ ಚರಿತ್ರೆ

ದೊಡ್ಡ ಪಟ್ಟಣಗಳಲ್ಲಿ ವಸ್ತುಸಂಗ್ರಹಾಲಯಗಳೆಂಬ ಕಟ್ಟಡಗಳುಂಟು. ಪೂರ್ವಕಾಲದ ಪ್ರಾಣಿಗಳ ಎಲುಬುಗಳನ್ನೂ ದೂರದೇಶದವರ ಉಡಿಗೆ ತೊಡಿಗೆ, ಪಾತ್ರೆ, ಆಯುಧಗಳನ್ನೂ ಅಲ್ಲಿ ಕ್ರಮವಾಗಿ ಇಟ್ಟಿರುವದರಿಂದ, ಪುಸ್ತಕವನ್ನು ಓದಲಾರದವನು ಸಹ ಕಣ್ಣಾರೆ ಕಂಡು ಕಲಿಯಬಹುದು. ಅಮೇರಿಕ ದೇಶದಲ್ಲಿ ಇಂಥ ಮೂರು ಆಲಯಗಳು, ಹನ್ನೊಂದನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಡಬೇಕಾದ ಒಬ್ಬ ಮನುಷ್ಯನ ದಾನದಿಂದ ನೆಲೆಗೊಂಡವು. ಪ್ರಿಯ ವಾಚಕರೇ, ಆತನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆವು.

ಜಾರ್ಜ್ ಪೀಬಾಡಿಯು 1795ನೆಯ ಇಸವಿ ಫೆಬ್ರವರಿ 18ರಲ್ಲಿ ಮ್ಯಾಸಚೂಸೆಟ್ಸ್ ಸೀಮೆಯ ಡ್ಯಾನ್ವರ್ಸ್ ಎಂಬ ಊರಿನ ಬಡ ಕುಟುಂಬದಲ್ಲಿ ಹುಟ್ಟಿದನು. ಮಕ್ಕಳು ಬಹಳ, ಆದಾಯವು ಸ್ವಲ್ಪ. ಆದದರಿಂದ ಹುಡುಗನನ್ನು ಒಂದು ಕಿರಾಣಿ ಅಂಗಡಿಯಲ್ಲಿ ಕೆಲಸ ಕಲಿಯಲು ಇಟ್ಟರು. 1811ರಲ್ಲಿ ತಂದೆಯು ತೀರಿಹೋದಾಗ ಮನೆಯು ಸಾಲಕ್ಕೆ ಅಡವಾಗಿತ್ತು. ಹದಿನಾರು ವರ್ಷದ ಜಾರ್ಜನು ಎದೆಗುಂದದೆ ದುಡಿದನು. ಮುಂದೆ ಜವಳಿ ವ್ಯಾಪಾರದಲ್ಲಿ ಒಬ್ಬನೊಂದಿಗೆ ಪಾಲುಗಾರನಾಗಿ ಬಾಲ್ಟಿಮೋರ್ ಪಟ್ಟಣದಲ್ಲಿ ಏಳಿಗೆಯನ್ನು ಹೊಂದಿದನು. ಕೈಯಲ್ಲಿ ಹಣ ಸೇರಿದೊಡನೆ ತನಗಾಗಿ ಮಹಲನ್ನು ಕಟ್ಟಿಸಿಕೊಳ್ಳಲಿಲ್ಲ. ಅಡವಾದ ಮನೆಯನ್ನು ಬಿಡಿಸಿ ತಾಯಿಗೆ ಒಪ್ಪಿಸಿದನು, ತಮ್ಮ ತಂಗಿಯರ ವಿದ್ಯಾಭ್ಯಾಸದ ವೆಚ್ಚವನ್ನು ಹೊತ್ತನು.

1837ರಲ್ಲಿ ಆತನು ಲಂಡನ್ ಪಟ್ಟಣದಲ್ಲಿ ನೆಲೆಸಿ, ಅಮೇರಿಕದ ಸಾಲಪತ್ರಗಳ ವ್ಯವಹಾರದಿಂದ ಮಹಾ ಧನವಂತನಾದನು. ಮದುವೆಯಾಗಲಿಲ್ಲ; ಒಡಹುಟ್ಟಿದವರ ಮಕ್ಕಳೇ ಆತನಿಗೆ ಮಕ್ಕಳಂತಿದ್ದರು. ತಂಗಿಯಾದ ಮೇರಿಯು ಎಳೆಯ ಮಗನನ್ನು ಬಿಟ್ಟು ಸತ್ತಳು. ಆ ತಬ್ಬಲಿಯ ಹೆಸರು ಆತ್ನಿಯಲ್ ಮಾರ್ಷ್. ಹೊಲದ ಕೆಲಸದಲ್ಲಿ ಬೆಳೆದ ಈ ಸೋದರಳಿಯನನ್ನು ಮಾವನು ಯೇಲ್ ಎಂಬ ಪ್ರಸಿದ್ಧ ವಿದ್ಯಾಲಯದಲ್ಲಿಯೂ ತರುವಾಯ ಜರ್ಮನಿಯಲ್ಲಿಯೂ ಓದಿಸಿದನು.

ಮನೆಯ ಹುಡುಗನಿಗೆ ಮಾಡಿದ ಈ ಉಪಕಾರವು ಲೋಕಕ್ಕೆ ಫಲ ಕೊಟ್ಟಿತು. ಪ್ರಕೃತಿಯ ವಸ್ತುಗಳಿಗಾಗಿ ಆಲಯವೊಂದು ಬೇಕೆಂದು ಮಾರ್ಷನು ಮಾವನ ಮನವೊಲಿಸಿದನು. 1866ರಲ್ಲಿ ಪೀಬಾಡಿಯು ಯೇಲಿಗೆ 1,50,000 ಡಾಲರುಗಳನ್ನೂ, ಪ್ರಾಚೀನ ಜನಾಂಗಗಳ ವಸ್ತುಗಳಿಗಾಗಿ ಹಾರ್ವರ್ಡ್ ವಿದ್ಯಾಲಯಕ್ಕೆ ಅಷ್ಟೇ ಹಣವನ್ನೂ ಕೊಟ್ಟನು. ಮರುವರ್ಷ ಸೇಲಮ್ ಪಟ್ಟಣಕ್ಕೆ 1,40,000 ಡಾಲರುಗಳನ್ನಿತ್ತನು. ಹಿಂದೂಸ್ಥಾನದ ತನಕ ಹಡಗು ನಡಿಸಿದ ನಾವಿಕರು 1799ರಿಂದ ಕೂಡಿಸಿದ್ದ ಅಪೂರ್ವ ವಸ್ತುಗಳು ಇದರಿಂದ ಚದುರದೆ ಉಳಿದವು.

ಮಾರ್ಷನು ಬಹುವರ್ಷ ಸಂಬಳವಿಲ್ಲದೆ ಯೇಲಿನಲ್ಲಿ ಉಪಾಧ್ಯಾಯನಾಗಿದ್ದು, ಕಲ್ಲಾಗಿ ಹೋದ ಎಲುಬುಗಳನ್ನು ಅಗೆಸಿ ತರಿಸಿದನು. ಬೆನ್ನ ಮೇಲೆ ಹಲಗೆಗಳಂಥ ಎಲುಬುಗಳಿದ್ದ ಸ್ಟೆಗೊಸಾರಸಿಗೆ 1877ರಲ್ಲಿ, ಮೂರು ಕೊಂಬಿನ ಟ್ರೈಸೆರಾಟಾಪ್ಸಿಗೆ 1889ರಲ್ಲಿ ಆತನೇ ಹೆಸರಿಟ್ಟನು.

ಪೀಬಾಡಿಯು ವಸ್ತುಸಂಗ್ರಹಾಲಯಗಳಿಗೆ ಮಾತ್ರ ಕೊಟ್ಟವನಲ್ಲ. ಲಂಡನಿನ ಬಡ ಕೂಲಿಕಾರರ ಮನೆಗಳಿಗಾಗಿ ಒಟ್ಟು 5,00,000 ಪೌಂಡುಗಳನ್ನು ಮೀಸಲಿಟ್ಟನು. ಯುದ್ಧದಿಂದ ಹಾಳಾದ ಅಮೇರಿಕ ದೇಶದ ದಕ್ಷಿಣ ಭಾಗದ ಸಂಸ್ಥಾನಗಳ ಶಾಲೆಗಳಿಗಾಗಿ 1867ರಲ್ಲಿ ದೊಡ್ಡ ನಿಧಿಯನ್ನು ಸ್ಥಾಪಿಸಿದನು. ತಾಯಿಯ ನೆನಪಿಗಾಗಿ ಒಂದು ದೇವಾಲಯವನ್ನು ಕಟ್ಟಿಸಿದನು. ವಿಕ್ಟೋರಿಯ ರಾಣಿಯು ಕೊಡಬಯಸಿದ ಪದವಿಯನ್ನು ಮಾತ್ರ ವಿನಯದಿಂದ ಬೇಡವೆಂದನು. 1869ರ ನವೆಂಬರ್ 4ರಲ್ಲಿ ಲಂಡನಿನಲ್ಲಿ ತೀರಿಕೊಂಡನು. ಆಂಗ್ಲರ ಯುದ್ಧನೌಕೆಯು ಆತನ ಶವವನ್ನು ಸ್ವದೇಶಕ್ಕೆ ಒಯ್ದಿತು.

ದಾನವು ಒಳ್ಳೇದಾದರೂ, ಅದನ್ನು ನಡಿಸುವವರು ಎಚ್ಚರವುಳ್ಳವರಾಗಿರಬೇಕು. ಹಾರ್ವರ್ಡಿನ ಆಲಯದಲ್ಲಿ ಆ ದೇಶದ ಮೂಲನಿವಾಸಿಗಳ ಎಲುಬುಗಳು ಸಹ ಸಾವಿರಾರು ಸೇರಿದವು. ಇಂಥವುಗಳನ್ನು ಅವರವರ ಕುಲದವರಿಗೆ ಹಿಂದಿರುಗಿಸಬೇಕೆಂದು 1990ರಲ್ಲಿ ಕಾನೂನಾಯಿತು. 2021ರಲ್ಲಿ ಆ ಆಲಯದವರು ಬಹಿರಂಗವಾಗಿ ಕ್ಷಮೆ ಬೇಡಿದರು. ಸತ್ತವರಿಗೂ ಮಾನವುಂಟೆಂಬದನ್ನು ವಿದ್ಯಾವಂತರು ಕಲಿಯುವದಕ್ಕೆ ಇಷ್ಟು ಕಾಲ ಹಿಡಿಯಿತು.

ಪೀಬಾಡಿಯ ಜೀವಿತದಿಂದ ನಾವು ತಿಳಿಯತಕ್ಕದ್ದೇನು? ಆತನ ಔದಾರ್ಯವು ಮೊದಲು ತಾಯಿಯ ಮನೆಯ ಸಾಲವನ್ನು ತೀರಿಸಿತು, ಬಳಿಕ ತಬ್ಬಲಿಯನ್ನು ಓದಿಸಿತು, ಕಡೆಗೆ ಪರರ ಮಕ್ಕಳಿಗೂ ಬಾಗಿಲು ತೆರೆಯಿತು. ತನಗೆ ದೊರೆಯದ ವಿದ್ಯೆಯು ಇತರರಿಗೆ ದೊರೆಯಲೆಂದು ಆತನು ಬದುಕಿರುವಾಗಲೇ ಕೊಟ್ಟನು. ಲಕ್ಷಗಟ್ಟಲೆ ಹಣ ನಮ್ಮಲ್ಲಿಲ್ಲ. ಆದರೆ ಓದಲಾಶಿಸುವ ಒಂದು ತಬ್ಬಲಿ ಮಗುವು ಯಾವ ಊರಲ್ಲಿ ಇಲ್ಲ?