ಕಬ್ಬಿಣದೊಳಗೆ ಗಡಿ ಕಂಡ ಪಿಯರ್ ವೈಸ್

ಅಂಗಡಿಯಿಂದ ತಂದ ಮೊಳೆ ಪೂರ್ತಿ ಕಬ್ಬಿಣವೇ. ಆದರೂ ಒಂದು ಮೊಳೆ ಇನ್ನೊಂದನ್ನು ಸೆಳೆಯುವುದಿಲ್ಲ. ಅಯಸ್ಕಾಂತ ತಾಕಿಸಿದರೆ ಮಾತ್ರ ಸೆಳೆಯಲು ಶುರುಮಾಡುತ್ತದೆ. ಏಕೆ? ಇದಕ್ಕೆ ಉತ್ತರ ಕೊಟ್ಟವರು ಫ್ರಾನ್ಸ್‌ನ ಭೌತವಿಜ್ಞಾನಿ ಪಿಯರ್ ವೈಸ್. ಬಿಎಸ್ಸಿಯಲ್ಲಿ ಕ್ಯೂರಿ-ವೈಸ್ ನಿಯಮವನ್ನು ಅಂಕಕ್ಕಾಗಿ ಬರೆದು ಮರೆತುಬಿಡುತ್ತೇವೆ. ಆ ಹೆಸರಿನ ಹಿಂದಿನ ಬದುಕು ಮರೆಯುವಂಥದ್ದಲ್ಲ.

ವೈಸ್ ಹುಟ್ಟಿದ್ದು 1865ರಲ್ಲಿ, ಅಲ್ಸಾಸ್ ಪ್ರಾಂತ್ಯದ ಮುಲೂಸ್ ಪಟ್ಟಣದಲ್ಲಿ. ಅವರಿಗೆ ಆರು ವರ್ಷವಾದಾಗ ಫ್ರಾನ್ಸ್ ಯುದ್ಧದಲ್ಲಿ ಸೋತು, ಅಲ್ಸಾಸ್ ಜರ್ಮನಿಯ ಪಾಲಾಯಿತು. ಮನೆ ಇದ್ದಲ್ಲೇ ಇತ್ತು, ದೇಶ ಬದಲಾಗಿತ್ತು. ಜ್ಯೂರಿಕ್‌ನಲ್ಲಿ ಎಂಜಿನಿಯರಿಂಗ್ ಓದಿದ ವೈಸ್, ವಯಸ್ಸಿಗೆ ಬಂದಾಗ ಫ್ರೆಂಚ್ ಪೌರತ್ವವನ್ನೇ ಆರಿಸಿಕೊಂಡರು. ಪ್ಯಾರಿಸ್‌ಗೆ ಹೋಗಿ ಭೌತವಿಜ್ಞಾನ ಹಿಡಿದರು. 1896ರಲ್ಲಿ ಡಾಕ್ಟರೇಟ್‌ಗಾಗಿ ಅವರು ಅಧ್ಯಯನ ಮಾಡಿದ್ದು ಮ್ಯಾಗ್ನೆಟೈಟ್ ಹರಳುಗಳನ್ನು. ನಾವು ಸೂಜಿಗಲ್ಲು ಎನ್ನುವ ಕಬ್ಬಿಣದ ಆಕ್ಸೈಡ್ ಅದು.

ಮುಂದೆ ಜ್ಯೂರಿಕ್‌ನಲ್ಲೇ ಪ್ರಾಧ್ಯಾಪಕರಾದರು. 1907ರಲ್ಲಿ ಅವರು ಮಂಡಿಸಿದ ವಿಚಾರ ಹೀಗಿತ್ತು: ಕಬ್ಬಿಣದೊಳಗೆ ಪರಮಾಣುಗಳು ಒಂದನ್ನೊಂದು ಪ್ರಭಾವಿಸಿ ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಆದರೆ ಇಡೀ ತುಂಡಿನಲ್ಲಿ ಅಲ್ಲ, ಸಣ್ಣ ಸಣ್ಣ ವಲಯಗಳಲ್ಲಿ. ಒಂದೊಂದು ವಲಯ ಒಂದೊಂದು ದಿಕ್ಕಿಗೆ ಇರುವುದರಿಂದ ಒಟ್ಟು ಬಲ ಸೊನ್ನೆಯಾಗುತ್ತದೆ. ಇವೇ ಇಂದಿನ ಪಠ್ಯದ ಡೊಮೇನ್‌ಗಳು.

ಆಗ ಅವನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಪರಮಾಣುಗಳನ್ನು ಹಾಗೆ ಸಾಲುಗಟ್ಟಿಸುವ ಬಲ ಎಲ್ಲಿಂದ ಬರುತ್ತದೆ ಎಂಬುದಕ್ಕೂ ಉತ್ತರವಿರಲಿಲ್ಲ. ಆ ಉತ್ತರ 1928ರಲ್ಲಿ ಹೈಸನ್‌ಬರ್ಗ್ ಅವರಿಂದ ಬಂತು. 1931ರಲ್ಲಿ ಫ್ರಾನ್ಸಿಸ್ ಬಿಟ್ಟರ್ ನುಣುಪು ಮಾಡಿದ ಲೋಹದ ಮೇಲೆ ಸೂಕ್ಷ್ಮ ಆಕ್ಸೈಡ್ ಪುಡಿ ಬಿಟ್ಟಾಗ, ಅದು ಗೆರೆಗಳಾಗಿ ನಿಂತಿತು. ಡೊಮೇನ್‌ಗಳ ಗುರುತು ಹೀಗೆ ಕಣ್ಣಿಗೆ ಬೀಳಲು 24 ವರ್ಷ ಬೇಕಾಯಿತು.

ಎಲ್ಲದರಲ್ಲೂ ಅವರೇ ಸರಿ ಇದ್ದರು ಎಂದಲ್ಲ. 1911ರಲ್ಲಿ ಅವರು ಮ್ಯಾಗ್ನೆಟಾನ್ ಎಂಬ ಮೂಲಮಾನ ಸೂಚಿಸಿದರು. ಅದಕ್ಕಾಗಿ ವರ್ಷಗಟ್ಟಲೆ ಅಳತೆ ಮಾಡಿದರು. ಕ್ವಾಂಟಂ ಸಿದ್ಧಾಂತ ಕೊಟ್ಟ ಮಾನ ಅದರ ಸುಮಾರು ಐದು ಪಟ್ಟು ಇತ್ತು. ವೈಸ್ ಮ್ಯಾಗ್ನೆಟಾನ್ ಮೂಲೆಗೆ ಸರಿಯಿತು.

ಮೊದಲ ಮಹಾಯುದ್ಧದ ನಂತರ ಅಲ್ಸಾಸ್ ಫ್ರಾನ್ಸ್‌ಗೆ ಮರಳಿತು. ವೈಸ್ ಸ್ಟ್ರಾಸ್‌ಬರ್ಗ್‌ಗೆ ಬಂದು ಕಾಂತತ್ವದ ಸಂಶೋಧನೆಗೆ ದೊಡ್ಡ ಕೇಂದ್ರ ಕಟ್ಟಿದರು. ಅಲ್ಲಿ ಅವರ ಕೈಕೆಳಗೆ ಪಳಗಿದ ಲೂಯಿ ನೀಲ್, 1948ರಲ್ಲಿ ಮ್ಯಾಗ್ನೆಟೈಟ್‌ನಂಥ ಆಕ್ಸೈಡ್‌ಗಳ ಕಾಂತತ್ವವನ್ನು ವಿವರಿಸಿದರು. 1970ರಲ್ಲಿ ನೊಬೆಲ್ ಪಡೆದರು. ಅದನ್ನು ನೋಡಲು ಗುರುಗಳಿರಲಿಲ್ಲ. 1940ರಲ್ಲಿ ಜರ್ಮನ್ ಸೇನೆ ಅಲ್ಸಾಸನ್ನು ಮತ್ತೆ ಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ವೈಸ್ ಲಿಯೋನ್‌ನಲ್ಲಿ ತೀರಿಕೊಂಡರು.

ಇಂದು ಕೆಲವೇ ಮೈಕ್ರೋಮೀಟರ್ ದಪ್ಪದ ಗಾರ್ನೆಟ್ ಎಂಬ ಆಕ್ಸೈಡ್ ಪದರವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಡಿ ಇಟ್ಟರೆ ಡೊಮೇನ್‌ಗಳು ನೇರವಾಗಿ ಕಾಣುತ್ತವೆ. ಕಪ್ಪು ಬಿಳುಪಿನ ಪಟ್ಟಿಗಳು ಹಾವಿನಂತೆ ಸುತ್ತಿಕೊಂಡಿರುತ್ತವೆ. ಕಾಂತಕ್ಷೇತ್ರ ಹೆಚ್ಚಿಸಿದಂತೆ ಗಡಿಗಳು ಸರಿಯುತ್ತವೆ: ಕ್ಷೇತ್ರದ ದಿಕ್ಕಿನವು ಹಿಗ್ಗುತ್ತವೆ, ಎದುರು ದಿಕ್ಕಿನವು ಕುಗ್ಗಿ ಗುಳ್ಳೆಗಳಾಗಿ ಕೊನೆಗೆ ಮಾಯವಾಗುತ್ತವೆ. 1970ರ ದಶಕದಲ್ಲಿ ಈ ಗುಳ್ಳೆಗಳಿಂದಲೇ ಕಂಪ್ಯೂಟರ್ ಮೆಮೊರಿ ಮಾಡಿದ್ದರು.

ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ನಮಗೆ ಆರು ತಿಂಗಳೇ ಒಂದು ಯುಗ. ವೈಸ್ ಕಾದದ್ದು 24 ವರ್ಷ, ಆ ಕಾಯುವಿಕೆಯ ನಡುವೆಯೂ ಪ್ರಯೋಗಾಲಯದ ಬಾಗಿಲು ಹಾಕಲಿಲ್ಲ. ಮುಂದಿನ ಸಲ ಲ್ಯಾಬ್‌ನಲ್ಲಿ ಹಿಸ್ಟರೆಸಿಸ್ ಗ್ರಾಫ್ ಎಳೆಯುವಾಗ ಅವರನ್ನೊಮ್ಮೆ ನೆನೆಯೋಣ.