ಸಮವಸ್ತ್ರ ಕಳಚಿದವರ ದಂಡನಾಯಕ

ಜನವರಿ ತಿಂಗಳ ನಡುವೆ ಅಕ್ಕಪಕ್ಕದಲ್ಲೇ ಬರುವ ಎರಡು ದಿನಗಳು ಕೊಡಗಿನ ಒಬ್ಬ ಯೋಧರ ಬದುಕಿನಿಂದ ಹುಟ್ಟಿಕೊಂಡವು. ಜನವರಿ 15 ಸೇನಾ ದಿನ. 1949ರ ಆ ದಿನ ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಜನವರಿ 14 ಮಾಜಿ ಸೈನಿಕರ ದಿನ. 1953ರ ಆ ದಿನ ಅವರು ಸೇನೆಯಿಂದ ನಿವೃತ್ತರಾದರು. ಸೇನಾ ದಿನಕ್ಕೆ ಪಥಸಂಚಲನದ ವೈಭವವಿದೆ. 2017ರಿಂದ ಈ ಹೆಸರಿನಲ್ಲಿ ಆಚರಣೆಗೆ ಬಂದ ಮಾಜಿ ಸೈನಿಕರ ದಿನ ಮಾತ್ರ ಸಂಕ್ರಾಂತಿಯ ಎಳ್ಳು-ಬೆಲ್ಲದ ಸಡಗರದಲ್ಲಿ ಬಹುಮಂದಿಯ ಗಮನಕ್ಕೆ ಬಾರದೆ ಕಳೆದುಹೋಗುತ್ತದೆ. ಆದರೆ ಕಾರ್ಯಪ್ಪನವರ ಬದುಕನ್ನು ಇಡಿಯಾಗಿ ನೋಡಿದಾಗ ಈ ಎರಡನೆಯ ದಿನಕ್ಕೂ ಅಷ್ಟೇ ತೂಕವಿರುವುದು ಕಂಡುಬರುತ್ತದೆ. ಸೇನೆಯ ಮುಖ್ಯಸ್ಥರಾಗಿ ಅವರು ಇದ್ದುದು ನಾಲ್ಕು ವರ್ಷ. ನಿವೃತ್ತ ಯೋಧರಾಗಿ ಬದುಕಿದ್ದು ನಲವತ್ತು ವರ್ಷ.

ಕೊಡಗಿನಿಂದ ರಣರಂಗಕ್ಕೆ

ಕಾರ್ಯಪ್ಪ ಜನಿಸಿದ್ದು 1899ರ ಜನವರಿ 28ರಂದು, ಕೊಡಗಿನ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ಕಂದಾಯ ಇಲಾಖೆಯ ನೌಕರರು. ಮನೆಯವರ ಬಾಯಲ್ಲಿ ಬಾಲಕನ ಹೆಸರು ಚಿಮ್ಮ. ಮಡಿಕೇರಿಯಲ್ಲಿ ಪ್ರೌಢಶಾಲೆ ಮುಗಿಸಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದ ತರುಣನಿಗೆ ಮೊದಲ ಮಹಾಯುದ್ಧದ ಕೊನೆಯಲ್ಲಿ ಹೊಸ ಹಾದಿಯೊಂದು ತೆರೆಯಿತು. ಭಾರತೀಯರಿಗೂ ಅಧಿಕಾರಿ ದರ್ಜೆಯ ಹುದ್ದೆ ನೀಡಲು ಸರ್ಕಾರ ಒಪ್ಪಿತ್ತು. ಇಂದೋರಿನ ಡೇಲಿ ಕೆಡೆಟ್ ಕಾಲೇಜಿನ ಮೊದಲ ತಂಡದಲ್ಲಿ ತರಬೇತಿ ಪಡೆದ ಕಾರ್ಯಪ್ಪ 1919ರಲ್ಲಿ ಸೇನಾಧಿಕಾರಿಯಾದರು.

ಮುಂದಿನ ಮೂರು ದಶಕಗಳಲ್ಲಿ ಅವರ ಹೆಸರಿನ ಹಿಂದೆ ಮೊದಲ ಭಾರತೀಯ ಎಂಬ ವಿಶೇಷಣ ಮತ್ತೆ ಮತ್ತೆ ಬಂದು ಸೇರಿತು. 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಬೆಟಾಲಿಯನ್ ಒಂದರ ನೇತೃತ್ವ ವಹಿಸಿದ ಮೊದಲ ಭಾರತೀಯರೂ ಅವರೇ. ಮೊದಲ ಮಹಾಯುದ್ಧದ ನಂತರ ಮೆಸೊಪೊಟೇಮಿಯಾದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಇರಾಕ್, ಸಿರಿಯಾ, ಇರಾನ್ ದೇಶಗಳಲ್ಲಿ ಅವರು ಸೇವೆ ಸಲ್ಲಿಸಿದರು.

ಎರಡನೆಯ ಮಹಾಯುದ್ಧದ ಕೊನೆಯ ವೇಳೆಗೆ ಭಾರತೀಯ ಸೇನೆಯ ಬಲ ಸುಮಾರು 25 ಲಕ್ಷಕ್ಕೆ ಏರಿತ್ತು. ಯುದ್ಧ ಮುಗಿದೊಡನೆ ಅವರಲ್ಲಿ ಬಹುಪಾಲು ಮಂದಿಯನ್ನು ಬಿಡುಗಡೆ ಮಾಡಿ ಊರಿಗೆ ಕಳುಹಿಸಲಾಯಿತು. ಬಂದೂಕು ಹಿಡಿದು ಸಹಾರಾದ ಮರಳಲ್ಲಿ, ಬರ್ಮಾದ ಕಾಡಿನಲ್ಲಿ ಕಾದಾಡಿದವರು ಉಳುವ ನೆಲವೂ ಇಲ್ಲದ ಹಳ್ಳಿಗಳಿಗೆ ಹಿಂತಿರುಗಿದರು. ಎರಡೇ ವರ್ಷಗಳಲ್ಲಿ ದೇಶವೂ ಒಡೆಯಿತು. ಒಂದೇ ಪಲ್ಟಣದಲ್ಲಿ ಉಂಡು ಮಲಗಿದವರು ಗಡಿಯ ಎರಡು ಬದಿಗೆ ಸರಿದರು. ಸೇನೆಯ ಹಂಚಿಕೆಯ ಕೆಲಸದಲ್ಲಿ ತಾವೇ ಭಾಗಿಯಾಗಿದ್ದ ಕಾರ್ಯಪ್ಪ ಈ ಎರಡೂ ಸಂಕಟಗಳನ್ನು ಹತ್ತಿರದಿಂದ ಕಂಡವರು.

ಪಶ್ಚಿಮ ಗಡಿಯಲ್ಲಿ, ಕರಾವಳಿಯ ಯೋಧ

1948ರ ಜನವರಿಯಲ್ಲಿ ಕಾಶ್ಮೀರದ ಕದನ ನಡೆಯುತ್ತಿದ್ದಾಗ ಕಾರ್ಯಪ್ಪ ದೆಹಲಿ ಮತ್ತು ಪೂರ್ವ ಪಂಜಾಬ್ ಕಮಾಂಡಿನ ಹೊಣೆ ಹೊತ್ತರು. ಮುಂದೆ ಪಶ್ಚಿಮ ಕಮಾಂಡ್ ಎನಿಸಿದ್ದು ಇದೇ. ಮಾರ್ಚಿಯಲ್ಲಿ ಝಂಗಡ, ಏಪ್ರಿಲ್‌ನಲ್ಲಿ ರಜೌರಿ ಮರಳಿ ವಶವಾದವು. ನವೆಂಬರ್ ಮೊದಲ ದಿನ ಝೋಜಿಲಾ ಕಣಿವೆಯ ಹಿಮದ ಎತ್ತರಕ್ಕೆ ಟ್ಯಾಂಕುಗಳು ಏರಿ ಲೇಹ್ ದಾರಿಯನ್ನು ತೆರೆದವು.

ರಜೌರಿಯತ್ತ ಸಾಗಿದ ಆ ಏಪ್ರಿಲ್‌ನ ದಾಳಿಯಲ್ಲಿ ಉತ್ತರ ಕನ್ನಡದ ಒಬ್ಬ ಯೋಧರಿದ್ದರು. ಕಾರವಾರ ಸಮೀಪದ ಚೆಂಡಿಯಾದ ರಾಮ ರಾಘೋಬ ರಾಣೆ ಬಾಂಬೆ ಎಂಜಿನಿಯರುಗಳ ಪಡೆಯ ಸೆಕೆಂಡ್ ಲೆಫ್ಟಿನೆಂಟ್. ನೌಶೇರಾ-ರಜೌರಿ ದಾರಿಯಲ್ಲಿ ಶತ್ರುಗಳು ಹೂತಿಟ್ಟ ನೆಲಬಾಂಬುಗಳನ್ನು ತೆಗೆದು, ಕಡಿದುರುಳಿಸಿದ್ದ ಮರಗಳನ್ನು ಸರಿಸಿ, ಗುಂಡಿನ ಮಳೆಯ ನಡುವೆ ಅವರು ಟ್ಯಾಂಕುಗಳಿಗೆ ಹಾದಿ ಮಾಡಿಕೊಟ್ಟರು. ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದ ಮೊದಲಿಗರಲ್ಲಿ ಅವರೂ ಒಬ್ಬರು. ಕಾರವಾರದ ಕಡಲತೀರದಲ್ಲಿ ಅವರ ಪ್ರತಿಮೆಯಿದೆ. ದೇಶದ ಅತ್ಯುನ್ನತ ಶೌರ್ಯ ಪದಕ ಪಡೆದ ಈ ಯೋಧರು 1968ರಲ್ಲಿ ಮೇಜರ್ ಆಗಿ ನಿವೃತ್ತರಾದ ಬಳಿಕವೂ 1971ರವರೆಗೆ ಮರುನೇಮಕದ ಮೇಲೆ ದುಡಿದರು. ಪದಕವಿದ್ದವರಿಗೂ ನಿವೃತ್ತಿ ಒಂದು ಹೊಸ ಬದುಕಿನ ಆರಂಭವೇ. ಪದಕವೂ ಹೆಸರೂ ಇಲ್ಲದೆ ಮರಳಿದ ಸಾವಿರಾರು ಸಿಪಾಯಿಗಳ ಪಾಡನ್ನು ಇದರಿಂದ ಊಹಿಸಿಕೊಳ್ಳಬಹುದು.

ಧ್ವಜ ದಿನದ ವರ್ಷ

ಕಾರ್ಯಪ್ಪನವರು ಮಹಾದಂಡನಾಯಕರಾದ 1949ನೆಯ ಇಸವಿಯಲ್ಲೇ ಕೇಂದ್ರ ಸರ್ಕಾರ ಡಿಸೆಂಬರ್ 7ನ್ನು ಸಶಸ್ತ್ರ ಪಡೆಗಳ ಧ್ವಜ ದಿನವಾಗಿ ಆಚರಿಸುವ ಪದ್ಧತಿಯನ್ನು ಆರಂಭಿಸಿತು. ಪುಟ್ಟ ಧ್ವಜವೊಂದನ್ನು ಕೊಂಡ ನಾಗರಿಕರ ಕಾಣಿಕೆ ಮಡಿದ ಯೋಧರ ಕುಟುಂಬಗಳಿಗೆ, ಅಂಗವಿಕಲರಾದವರಿಗೆ, ಮಾಜಿ ಸೈನಿಕರಿಗೆ ಸಲ್ಲಬೇಕೆಂಬುದು ಅದರ ಉದ್ದೇಶ. ಅದೇ ವರ್ಷ ಪ್ರಾದೇಶಿಕ ಸೇನೆ ರೂಪುಗೊಂಡಿತು. ಜಾತಿ, ಪ್ರಾಂತಗಳ ಭೇದವಿಲ್ಲದೆ ಎಲ್ಲರಿಗೂ ತೆರೆದ ಗಾರ್ಡ್ಸ್ ದಳವನ್ನು ಕಾರ್ಯಪ್ಪನವರು ಸ್ಥಾಪಿಸಿದ್ದೂ ಆಗಲೇ. ಸೇನೆಯನ್ನು ರಾಜಕೀಯದಿಂದ ದೂರವಿಡಬೇಕೆಂಬ ನಿಲುವನ್ನು ಅವರು ಅಧಿಕಾರದಲ್ಲಿದ್ದಷ್ಟು ದಿನವೂ ಬಿಡಲಿಲ್ಲ.

1953ರಲ್ಲಿ ಅವರು ಹುದ್ದೆ ಬಿಟ್ಟುಕೊಟ್ಟ ಬಳಿಕ ಸರ್ಕಾರ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ದೇಶಗಳಿಗೆ ಹೈಕಮಿಷನರ್ ಆಗಿ ಕಳುಹಿಸಿತು. 1956ರವರೆಗೆ ಅವರು ಅಲ್ಲಿದ್ದರು. ಆಸ್ಟ್ರೇಲಿಯಾದಲ್ಲಿ ಯುದ್ಧದಿಂದ ಮರಳಿದ ಯೋಧರು 1916ರಲ್ಲಿ ಕಟ್ಟಿಕೊಂಡ ಸಂಘ ಆ ವೇಳೆಗೆ ಊರೂರಿನಲ್ಲಿ ಬೇರುಬಿಟ್ಟಿತ್ತು. ಬ್ರಿಟನ್ನಿನಲ್ಲಿ 1921ರಿಂದ ಬ್ರಿಟಿಷ್ ಲೀಜನ್ ಇತ್ತು. ಭಾರತದಲ್ಲಿ ಜಿಲ್ಲಾ ಮಟ್ಟದ ಸೈನಿಕ ಮಂಡಳಿಗಳಿದ್ದರೂ ಅವು ಸರ್ಕಾರದವು. ಮಾಜಿ ಸೈನಿಕರೇ ತಮ್ಮವರಿಗಾಗಿ ನಡೆಸುವ ಬಲವಾದ ರಾಷ್ಟ್ರೀಯ ಸಂಘಟನೆಯ ಕೊರತೆ ಇತ್ತು. ಈ ಕೊರತೆಯನ್ನು ನೀಗಲು ಕಾರ್ಯಪ್ಪ 1964ರಲ್ಲಿ ಭಾರತೀಯ ಮಾಜಿ ಸೈನಿಕರ ಲೀಗನ್ನು ಸ್ಥಾಪಿಸಿದರು.

ಕಾಗದದ ಹಿಂದಿನ ಕಷ್ಟ

ಇಂತಹ ಸಂಘಟನೆಯ ಅಗತ್ಯ ನಗರವಾಸಿಗಳಿಗೆ ಸುಲಭವಾಗಿ ತಿಳಿಯುವಂಥದ್ದಲ್ಲ. ಸಿಪಾಯಿಯೊಬ್ಬ ಸೇನೆ ಬಿಡುವುದು ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲಿ. ಮಕ್ಕಳು ಇನ್ನೂ ಶಾಲೆಯಲ್ಲಿರುತ್ತಾರೆ. ಕುಮಟಾ, ಹೊನ್ನಾವರ, ಭಟ್ಕಳದ ಕಡೆಯಿಂದ ಸೇನೆ ಸೇರಿದವರನ್ನೇ ನೋಡಿದರೂ ಈ ಮಾತು ಸ್ಪಷ್ಟವಾಗುತ್ತದೆ. ಮರಾಠಾ ದಳದಲ್ಲಿದ್ದವನ ಸೇವಾ ದಾಖಲೆ ಬೆಳಗಾವಿಯಲ್ಲಿ. ಬಾಂಬೆ ಎಂಜಿನಿಯರುಗಳಲ್ಲಿದ್ದವನದು ಪುಣೆಯಲ್ಲಿ. ಪಿಂಚಣಿ ಆದೇಶ ಬರಬೇಕಾದುದು ಅಲಹಾಬಾದಿನ ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ. ಪತ್ನಿಯ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸವಾದರೂ ಗಂಡ ತೀರಿಹೋದ ಬಳಿಕ ಆಕೆ ತಾನೇ ಆತನ ಹೆಂಡತಿಯೆಂದು ರುಜುವಾತುಪಡಿಸಲು ಅಲೆಯಬೇಕು. ಭಟ್ಕಳದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಕೊಡಗಿನಂತೆ ಮನೆಗೊಬ್ಬ ಸೈನಿಕನಿರುವ ಸೀಮೆಯಲ್ಲವಾದ್ದರಿಂದ ಅಘನಾಶಿನಿ ತೀರದ ಹಳ್ಳಿಯಲ್ಲಿ ಪಕ್ಕದ ಮನೆಯವರನ್ನು ಕೇಳಿ ತಿಳಿಯುವ ಅನುಕೂಲವೂ ಕಡಿಮೆ.

ಕಾಗದಪತ್ರದ ಹಿಂದೆ ಇನ್ನೊಂದು ಕಷ್ಟವೂ ಇರುತ್ತದೆ. ಯುದ್ಧ ಕಂಡವನ ನಿದ್ದೆಗೇಡು, ಮಾತಿಲ್ಲದಿರುವಿಕೆ, ಕುಡಿತ, ವರ್ಷಗಟ್ಟಲೆ ದೂರವಿದ್ದು ಬಂದವನೊಡನೆ ಹೆಂಡತಿ-ಮಕ್ಕಳು ಹೊಸದಾಗಿ ಹೊಂದಿಕೊಳ್ಳಬೇಕಾದ ಬವಣೆ ಯಾವ ಅರ್ಜಿ ನಮೂನೆಯಲ್ಲೂ ಹಿಡಿಯುವುದಿಲ್ಲ. ಇಂದು ಆಪ್ತಸಮಾಲೋಚನೆ ಎಂಬ ಹೆಸರಿರುವ ಕೆಲಸಕ್ಕೆ ಆ ಕಾಲದಲ್ಲಿ ನಮ್ಮ ಊರುಗಳಲ್ಲಿ ಹೆಸರಿರಲಿಲ್ಲ. ಒಂದೇ ಅನುಭವ ಉಂಡವರು ಒಂದೆಡೆ ಕುಳಿತು ಮಾತಾಡಿಕೊಳ್ಳುವುದೇ ಮದ್ದು. ರಾಜ್ಯ, ಜಿಲ್ಲೆಗಳ ಮಟ್ಟಕ್ಕೆ ಹರಡಿದ ಲೀಗಿನ ಶಾಖೆಗಳು ಅರ್ಜಿ ಬರೆದುಕೊಡುವುದರ ಜೊತೆಗೆ ಇಂತಹ ಜೊತೆಗಾರಿಕೆಗೂ ಎಡೆಮಾಡಿದವು. ಲೀಗಿನ ಹಿರಿಮೆ ಇರುವುದು ಇಲ್ಲಿ.

ಮಗ ಸೆರೆಯಾದಾಗ

ಲೀಗ್ ಹುಟ್ಟಿದ ಮರುವರ್ಷವೇ ಕಾರ್ಯಪ್ಪನವರು ಸೈನಿಕನ ತಂದೆಯಾಗಿ ಪರೀಕ್ಷೆಗೆ ಒಳಗಾದರು. 1965ರ ಸೆಪ್ಟೆಂಬರ್ 22, ಪಾಕಿಸ್ತಾನದೊಡನೆ ಯುದ್ಧದ ಕೊನೆಯ ದಿನ. ಅವರ ಮಗ, ವಾಯುಪಡೆಯ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಗುಂಡು ತಗುಲಿತು; ವಿಮಾನದಿಂದ ಹೊರಕ್ಕೆ ಚಿಮ್ಮಿ ಬದುಕುಳಿದ ತರುಣ ಶತ್ರುವಿನ ಸೆರೆಯಾದರು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಸೇನೆಯಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಿರಿಯ ಅಧಿಕಾರಿಯ ಮಗನೆಂದು ತಿಳಿದಾಗ ಅವರಿಂದ ಕುಶಲ ಸಮಾಚಾರವೂ ವಿಶೇಷ ಆದರದ ಭರವಸೆಯೂ ಬಂದವು. ಸೆರೆಯಲ್ಲಿರುವ ಭಾರತೀಯ ಯೋಧರೆಲ್ಲರೂ ತಮಗೆ ಮಕ್ಕಳೇ, ಅವರಿಗಿಲ್ಲದ ಸೌಲಭ್ಯ ತಮ್ಮ ಮಗನಿಗೂ ಬೇಡ ಎಂದು ಕಾರ್ಯಪ್ಪ ಉತ್ತರಿಸಿದರು. ಮಗ ಉಳಿದವರಂತೆಯೇ ಸೆರೆವಾಸ ಕಳೆದು 1966ರ ಜನವರಿಯಲ್ಲಿ ಮರಳಿದರು. ಮುಂದೆ ಏರ್ ಮಾರ್ಷಲ್ ಪದವಿಗೇರಿದರು.

ಈ ಪ್ರಸಂಗವನ್ನು ಸಾಮಾನ್ಯವಾಗಿ ತಂದೆಯ ಕಠಿಣ ಶಿಸ್ತಿಗೆ ನಿದರ್ಶನವಾಗಿ ಹೇಳುತ್ತಾರೆ. ಅದರಲ್ಲಿ ಇನ್ನೊಂದು ಅರ್ಥವೂ ಇದೆ. ಸೆರೆಯಾದವರ, ಸುದ್ದಿಯೇ ಇಲ್ಲದವರ ಮನೆಗಳಲ್ಲಿ ಆ ತಿಂಗಳುಗಳಲ್ಲಿ ಅಂಚೆಯವನ ದಾರಿ ಕಾಯುತ್ತಿದ್ದ ತಾಯಿ-ತಂದೆಯರಿಗೆ ಅಯೂಬರ ಪರಿಚಯವಿರಲಿಲ್ಲ. ಅವರ ಸಾಲಿನಿಂದ ಹೊರಗೆ ನಿಲ್ಲಲು ಕಾರ್ಯಪ್ಪ ಒಪ್ಪಲಿಲ್ಲ. ಆ ಯುದ್ಧದಲ್ಲೂ 1971ರ ಯುದ್ಧದಲ್ಲೂ ಅವರು ಗಡಿಗೆ ಹೋಗಿ ಯೋಧರನ್ನು ಕಂಡು ಮಾತಾಡಿದರು.

ಎಲ್ಲ ಹೆಜ್ಜೆಗಳೂ ಸಫಲವಾದವೆಂದಲ್ಲ. ನಿವೃತ್ತಿಯ ನಂತರದ ಅವರ ರಾಜಕೀಯ ಅಭಿಪ್ರಾಯಗಳು ವಿವಾದ ಎಬ್ಬಿಸಿದವು. 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯಿಂದ ಸ್ಪರ್ಧಿಸಿ ಅವರು ಸೋತರು. ಉಡುಗೆ, ಊಟ, ನಡೆನುಡಿಗಳಲ್ಲಿ ಆಂಗ್ಲ ಶೈಲಿ ಎದ್ದುಕಾಣುತ್ತಿತ್ತು. ಹಿಂದೂಸ್ತಾನಿ ಅವರಿಗೆ ಸರಾಗವಾಗಿರಲಿಲ್ಲ. ಆದರೂ ಸಿಪಾಯಿಗಳ ವಿಶ್ವಾಸ ಅವರಿಗೆ ದಕ್ಕಿತು.

ನಿವೃತ್ತಿಯಿಲ್ಲದ ಪದವಿ

ಮಡಿಕೇರಿಯ ರೋಷನಾರಾ ಮನೆಯಲ್ಲಿ ಅವರ ಇಳಿವಯಸ್ಸು ಕಳೆಯಿತು. ಹಸಿರು, ಸ್ವಚ್ಛತೆ, ಪರಿಸರದ ಬಗ್ಗೆ ಜನರಿಗೆ ತಿಳಿಹೇಳುವುದು, ಮಾಜಿ ಸೈನಿಕರ ಹಿತವನ್ನು ಸರ್ಕಾರಕ್ಕೆ ನೆನಪಿಸುವುದು ಅವರ ನಿತ್ಯದ ಕಾಯಕ. 1986ರ ಏಪ್ರಿಲ್ 28ರಂದು ರಾಷ್ಟ್ರಪತಿ ಭವನದಲ್ಲಿ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಪ್ರದಾನವಾದಾಗ ವಯಸ್ಸು 87. ನಿವೃತ್ತರಾಗಿ 33 ವರ್ಷ ಸಂದಿತ್ತು. ಆ ಪದವಿಗೆ ನಿವೃತ್ತಿಯೆಂಬುದಿಲ್ಲ. ಮಾಜಿ ಸೈನಿಕರ ನಾಯಕ ಬದುಕಿನ ಕೊನೆಗೆ ಮತ್ತೆ ಹಾಲಿ ಸೈನಿಕನಾದಂತಾಯಿತು. 1993ರ ಮೇ 15ರಂದು ಬೆಂಗಳೂರಿನಲ್ಲಿ ಅವರು ನಿಧನರಾದರು. ಮಡಿಕೇರಿಯಲ್ಲಿ ನಡೆದ ಅಂತ್ಯಸಂಸ್ಕಾರಕ್ಕೆ ಮೂರೂ ಪಡೆಗಳ ಮುಖ್ಯಸ್ಥರೂ ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರೂ ಬಂದಿದ್ದರು.

ಅವರ ಕಾಲಾನಂತರ ಮಾಜಿ ಸೈನಿಕರ ಪಾಲಿಗೆ ಹಲವು ವ್ಯವಸ್ಥೆಗಳು ಬಂದಿವೆ. 2003ರಲ್ಲಿ ಮಾಜಿ ಸೈನಿಕರು ಮತ್ತು ಅವಲಂಬಿತರಿಗೆ ಆರೋಗ್ಯ ಯೋಜನೆ, 2015ರಲ್ಲಿ ಸಮಾನ ಹುದ್ದೆಗೆ ಸಮಾನ ಪಿಂಚಣಿ ಘೋಷಣೆಯಾದವು. 2022ರ ಅಗ್ನಿಪಥ ಯೋಜನೆಯಿಂದಾಗಿ ನಾಲ್ಕೇ ವರ್ಷಕ್ಕೆ ಸಮವಸ್ತ್ರ ಕಳಚಿ ಊರಿಗೆ ಬರುವ ತರುಣರ ಹೊಸ ಸಾಲೊಂದು ಸಿದ್ಧವಾಗುತ್ತಿದೆ. ಹಣ, ಔಷಧಗಳನ್ನು ಸರ್ಕಾರ ಒದಗಿಸಬಹುದು. ಮರಳಿ ಬಂದವನ ಮನೆಯ ಕದ ತಟ್ಟಿ ಹೇಗಿದ್ದೀರಿ ಎಂದು ವಿಚಾರಿಸುವ ಕೆಲಸ ಊರಿನದು, ಜೊತೆಗಾರರದು. ಅರವತ್ತು ವರ್ಷಗಳ ಹಿಂದೆಯೇ ಅದಕ್ಕೊಂದು ಸಂಘಟನೆಯ ರೂಪ ಕೊಟ್ಟವರು ಕಾರ್ಯಪ್ಪ. ಅವರ ನಿವೃತ್ತಿಯ ದಿನ ದೇಶದ ಎಲ್ಲ ಮಾಜಿ ಸೈನಿಕರ ದಿನವಾಗಿರುವುದು ಆ ಕಾರಣಕ್ಕೂ ತಕ್ಕುದಾಗಿದೆ.