ಚಾರಿತ್ರ ಚಕ್ರವರ್ತಿಗಳ ಪ್ರಥಮ ಉತ್ತರ ವಿಹಾರ

ಇಪ್ಪತ್ತು ತೀರ್ಥಂಕರರು ಮೋಕ್ಷಕ್ಕೆ ಸಂದ ಶ್ರೀ ಸಮ್ಮೇದಶಿಖರಜಿಯನ್ನು ಜೀವಮಾನದಲ್ಲಿ ಒಮ್ಮೆಯಾದರೂ ವಂದಿಸಬೇಕೆಂಬುದು ಪ್ರತಿಯೊಬ್ಬ ಶ್ರಾವಕನ ಹಂಬಲ. ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಸೀಮೆಯ ನಮಗೆ ಇಂದು ಅದು ರೈಲಿನಲ್ಲಿ ಕೆಲವೇ ದಿನಗಳ ಪ್ರಯಾಣ. ಟಿಕೇಟು, ಹಾಸಿಗೆ, ಬುತ್ತಿಗಳ ಚಿಂತೆಯಲ್ಲಿಯೇ ನಮ್ಮ ಸಿದ್ಧತೆ ಮುಗಿಯುತ್ತದೆ. ಆದರೆ ಅದೇ ಸಿದ್ಧಕ್ಷೇತ್ರಕ್ಕೆ ದಕ್ಷಿಣದಿಂದ ಕಾಲ್ನಡಿಗೆಯಲ್ಲಿ, ದಿಗಂಬರ ಮುದ್ರೆಯನ್ನು ಧರಿಸಿ, ಅಪರಿಚಿತವಾದ ವಿಶಾಲ ನಾಡನ್ನು ದಾಟಿ ಹೋಗಲು 1927ರಲ್ಲಿ ನಿಶ್ಚಯಿಸಿದ ಮಹಾಪುರುಷರು ಪರಮಪೂಜ್ಯ ಆಚಾರ್ಯ ಶ್ರೀ 108 ಶಾಂತಿಸಾಗರ ಮಹಾರಾಜರು. ಪ್ರತಿಷ್ಠಾ ಮಹೋತ್ಸವದ ಈ ಮಂಗಲ ಸಮಯದಲ್ಲಿ ಆ ವಿಹಾರವನ್ನು ಸ್ಮರಿಸುವುದು ಉಚಿತವಾಗಿದೆ.

ಆಚಾರ್ಯರು ನಮ್ಮ ನಾಡಿನವರೇ. ಬೆಳಗಾವಿ ಜಿಲ್ಲೆಯಲ್ಲಿ ವೇದಗಂಗಾ ದೂಧಗಂಗಾ ನದಿಗಳ ಸಂಗಮದ ಬಳಿ ಇರುವ ಭೋಜ ಗ್ರಾಮದ ಪಾಟೀಲ ಮನೆತನದಲ್ಲಿ ಭೀಮಗೌಡ ಮತ್ತು ಸತ್ಯವತಿ ದಂಪತಿಗಳ ಪುತ್ರರಾಗಿ 1872ರಲ್ಲಿ ತಾಯಿಯ ತವರೂರಾದ ಯಳಗುಡದಲ್ಲಿ ಜನಿಸಿದರು. ಪೂರ್ವಾಶ್ರಮದ ಹೆಸರು ಸಾತಗೌಡ. ಬಾಲ್ಯದಿಂದಲೇ ವಿರಕ್ತರಾದರೂ ತಂದೆತಾಯಿಗಳ ಸೇವೆಗಾಗಿ ಬಹುಕಾಲ ಮನೆಯಲ್ಲಿಯೇ ಉಳಿದರು. ಭೋಜಕ್ಕೆ ಬಂದ ತ್ಯಾಗಿಗಳನ್ನು ತಮ್ಮ ಬಲವಾದ ಹೆಗಲ ಮೇಲೆ ಕೂಡಿಸಿಕೊಂಡು ನದಿ ದಾಟಿಸುತ್ತಿದ್ದರೆಂಬ ಸಂಗತಿ ಅವರ ಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ.

ಶಿಖರಜಿ ಅವರಿಗೆ ಹೊಸದಲ್ಲ. ಗೃಹಸ್ಥರಾಗಿದ್ದಾಗಲೇ, ಮೂವತ್ತೆರಡರ ವಯಸ್ಸಿನ ಸುಮಾರಿಗೆ, ಅಲ್ಲಿಗೆ ಯಾತ್ರೆ ಹೋಗಿ ತುಪ್ಪ ಎಣ್ಣೆಗಳನ್ನು ಆಜೀವ ತ್ಯಜಿಸಿ ಮರಳಿದ್ದರು. 1915ರಲ್ಲಿ ಉತ್ತೂರಿನಲ್ಲಿ ಕ್ಷುಲ್ಲಕ ದೀಕ್ಷೆಯಾಯಿತು. ಬಳಿಕ ಗಿರನಾರ ಯಾತ್ರೆಯಿಂದ ಹಿಂದಿರುಗುವಾಗ ವಾಹನವನ್ನೂ ಶಾಶ್ವತವಾಗಿ ತೊರೆದರು. 1920ರಲ್ಲಿ ಯರನಾಳದಲ್ಲಿ ನಿರ್ಗ್ರಂಥ ದೀಕ್ಷೆ, 1924ರಲ್ಲಿ ಸಮಡೊಳಿಯಲ್ಲಿ ಆಚಾರ್ಯ ಪದವಿ ಪ್ರಾಪ್ತವಾದುವು. ಹೀಗಾಗಿ ಪುನಃ ಶಿಖರಜಿಯ ಭಾವನೆ ಮೂಡಿದಾಗ ಗುರಿ ಪರಿಚಿತವಾಗಿತ್ತು. ಆದರೆ ನಡುವಣ ಸಾವಿರ ಮೈಲಿಗೂ ಮೀರಿದ ದಾರಿ ಸಂಪೂರ್ಣ ಹೊಸದಾಗಿತ್ತು. ಕಣ್ಣಿಂದ ನೆಲ ನೋಡಿ ಹೆಜ್ಜೆಯಿಡುವ ಈರ್ಯಾಸಮಿತಿಯಿಂದಲೇ ಅದನ್ನು ಸವೆಸಬೇಕಾಗಿತ್ತು.

ಅಂತಹ ಪ್ರವಾಸವನ್ನು ಯೋಜಿಸುವುದೆಂತು? ಮುನಿಗಳು ರಾತ್ರಿ ನಡೆಯುವಂತಿಲ್ಲ. ಮಳೆಗಾಲದ ನಾಲ್ಕು ತಿಂಗಳು ಒಂದೆಡೆ ನಿಲ್ಲಲೇಬೇಕು. ದಿನಕ್ಕೊಮ್ಮೆ ಮಾತ್ರ, ನಿಂತು, ಕರಪಾತ್ರದಲ್ಲಿ ಆಹಾರ. ಅಂತರಾಯವಾದರೆ ಅಂದು ಉಪವಾಸವೇ. ತಮಗಾಗಿಯೇ ಮಾಡಿದ ಅಡುಗೆ ವರ್ಜ್ಯ. ದಾರಿಯಲ್ಲಿ ಎಷ್ಟೋ ದಿನ ಜೈನರ ಒಂದು ಮನೆಯೂ ಸಿಗದ ಪ್ರದೇಶಗಳಿದ್ದುವು. ಕನ್ನಡ ಮರಾಠಿಗಳ ಸೀಮೆ ದಾಟಿದರೆ ಭಾಷೆಯೂ ಬೇರೆ. ಹೈದರಾಬಾದು ಸಂಸ್ಥಾನ, ಬ್ರಿಟಿಷ್ ಪ್ರಾಂತಗಳು ಹೀಗೆ ಆಡಳಿತಗಳೂ ಬೇರೆ ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಉತ್ತರ ದೇಶದಲ್ಲಿ ನಿರ್ಗ್ರಂಥ ಮುನಿಸಂಘದ ಸಂಚಾರ ಬಹುಕಾಲದಿಂದ ನಿಂತುಹೋಗಿತ್ತು. ಅಲ್ಲಿನ ಜನ ಹೇಗೆ ಕಾಣುವರೆಂಬುದು ಯಾರಿಗೂ ತಿಳಿದಿರಲಿಲ್ಲ. ತಡೆಯುಂಟಾಗಿ ಸಂಘವು ಹಿಂದಿರುಗಿದ್ದರೆ ಮುನಿಧರ್ಮವು ದಕ್ಷಿಣಕ್ಕೆ ಮಾತ್ರ ಸೀಮಿತವೆಂಬ ಭಾವನೆ ಗಟ್ಟಿಯಾಗುವ ಭಯವಿತ್ತು.

ಮುಂಬಯಿಯ ಜವೇರಿ ಸೇಠ್ ಪೂನಮಚಂದ ಘಾಸೀಲಾಲರ ಪರಿವಾರವು ಸಂಘಪತಿಯ ಭಾರವನ್ನು ಹೊತ್ತಿತು. ಶ್ರಾವಕ ಶ್ರಾವಿಕೆಯರು ಸಂಘದೊಡನೆ ಸಾಗಿ, ತಂಗಿದೆಡೆಯಲ್ಲಿ ಬಿಡಾರ ಹೂಡಿ, ತಮಗಾಗಿ ಶುದ್ಧವಾದ ಅಡುಗೆ ಮಾಡಿಕೊಂಡು, ಪಾತ್ರದಾನಕ್ಕೆ ಬಾಗಿಲಲ್ಲಿ ಕಾದು ನಿಲ್ಲುವ ಕ್ರಮ ಏರ್ಪಟ್ಟಿತು. ಚಾತುರ್ಮಾಸ ಮುಗಿದ ಮೇಲೆ, 1927ರ ಕೊನೆಯಲ್ಲಿ, ಕುಂಭೋಜದ ಬಾಹುಬಲಿ ಕ್ಷೇತ್ರದಿಂದ ಸಂಘವು ಹೊರಟಿತು. ನಾಗಪುರ, ರಾಯಪುರಗಳ ದಾರಿಯಾಗಿ ನಡೆದು 1928ರ ಫಾಲ್ಗುಣ ಮಾಸದಲ್ಲಿ ಶಿಖರಜಿಯನ್ನು ಮುಟ್ಟಿತು. ಆ ಸಂದರ್ಭದಲ್ಲಿ ಅಲ್ಲಿ ಪಂಚಕಲ್ಯಾಣ ಪ್ರತಿಷ್ಠೆಯೂ ವೈಭವದಿಂದ ನೆರವೇರಿತು.

ಈ ಯೋಜನೆಯಲ್ಲಿ ಗಮನಿಸತಕ್ಕ ಅಂಶವೊಂದಿದೆ. ನಾವು ಪ್ರವಾಸ ಹೊರಡುವಾಗ ಅನುಕೂಲತೆಗಳನ್ನು ಮೊದಲು ನಿಶ್ಚಯಿಸಿ, ನಿಯಮಗಳನ್ನು ಅವಕ್ಕೆ ತಕ್ಕಂತೆ ಸಡಿಲಿಸುತ್ತೇವೆ. ಇಲ್ಲಿ ವ್ರತವು ಮೊದಲು ನಿಶ್ಚಿತವಾಗಿತ್ತು. ದಾರಿ, ಕಾಲ, ಬಿಡಾರಗಳೆಲ್ಲವೂ ಅದಕ್ಕೆ ಹೊಂದಿಕೊಂಡುವು. ಮುನಿಗಳ ಸಂಯಮ, ಗೃಹಸ್ಥರ ಶ್ರಮ ಇವೆರಡೂ ಕೂಡಿದುದರಿಂದಲೇ ಆ ದಾರಿ ಸವೆಯಿತು.

ಗುರಿ ಮುಟ್ಟಿದ ಮೇಲೂ ಆಚಾರ್ಯರು ಕೂಡಲೇ ಹಿಂದಿರುಗಲಿಲ್ಲ. 1928ರಲ್ಲಿ ಕಟನಿ, 1929ರಲ್ಲಿ ಲಲಿತಪುರ, 1930ರಲ್ಲಿ ಮಥುರಾ, 1931ರಲ್ಲಿ ದಿಲ್ಲಿ, 1932ರಲ್ಲಿ ಜಯಪುರ ಹೀಗೆ ಚಾತುರ್ಮಾಸಗಳು ಸಾಗಿದುವು. ಮೊದಲಿನ ಆತಂಕ ಸುಳ್ಳೂ ಆಗಿರಲಿಲ್ಲ. ಧೋಲಪುರ ಸಂಸ್ಥಾನದ ರಾಜಾಖೇಡಾದಲ್ಲಿ ಆಯುಧ ಹಿಡಿದ ಗುಂಪೊಂದು ಸಂಘದ ಮೇಲೆ ಎರಗಿತು. ಸೆರೆಯಾದವರನ್ನು ಬಿಡಿಸಬೇಕೆಂದು ಆಚಾರ್ಯರೇ ಅಧಿಕಾರಿಗಳಿಗೆ ಸೂಚಿಸಿದರು. ಅಪರಿಚಿತ ನಾಡಿನಲ್ಲಿ ಅವರು ಒಯ್ದ ರಕ್ಷಣೆಯೆಂದರೆ ಆ ಕ್ಷಮೆಯೊಂದೇ. 1937ರಲ್ಲಿ ಗಜಪಂಥಾ ಕ್ಷೇತ್ರದಲ್ಲಿ ಸಮಾಜವು ಅವರಿಗೆ ಚಾರಿತ್ರ ಚಕ್ರವರ್ತಿ ಎಂಬ ಬಿರುದನ್ನು ಅರ್ಪಿಸಿತು.

ಕೊನೆಯ ಪ್ರಯಾಣಕ್ಕೂ ಅವರು ಹೀಗೆಯೇ ಸಿದ್ಧರಾದರು. ಕಣ್ಣಿನ ಬೆಳಕು ಕುಂದಿ, ನೆಲದ ಜೀವಿಗಳನ್ನು ಕಾಣುವುದು ಅಸಾಧ್ಯವಾದಾಗ, ಕುಂಥಲಗಿರಿಯಲ್ಲಿ ಸಲ್ಲೇಖನ ವ್ರತವನ್ನು ಸ್ವೀಕರಿಸಿದರು. ವೀರಸಾಗರ ಮಹಾರಾಜರಿಗೆ ಆಚಾರ್ಯ ಪದವನ್ನು ಒಪ್ಪಿಸಿ, 36 ದಿನಗಳ ಆರಾಧನೆಯ ನಂತರ 1955ರ ಸೆಪ್ಟೆಂಬರ್ 18ರಂದು ಸಮಾಧಿಸ್ಥರಾದರು. ಹತ್ತನೆಯ ಶತಮಾನದಲ್ಲಿ ನಮ್ಮ ಶಿಗ್ಗಾವಿ ಸೀಮೆಯ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗರ ಮಾರಸಿಂಹನು ಹಿಡಿದ ಮಾರ್ಗವೂ ಅದೇ.

ಇಂದು ಉತ್ತರ ದಕ್ಷಿಣವೆನ್ನದೆ ದಿಗಂಬರ ಮುನಿಸಂಘಗಳು ವಿಹರಿಸುತ್ತಿವೆ. ನಮ್ಮ ಊರಿನ ದಾರಿಯಲ್ಲಿ ಸಂಘವೊಂದು ಬಂದಾಗ, ಎದುರುಗೊಂಡು ಮುಂದಿನ ಊರಿನವರೆಗೆ ಜೊತೆಯಾಗಿ ನಡೆಯುವುದೇ ಆ ಪ್ರಥಮ ವಿಹಾರಕ್ಕೆ ನಾವು ಸಲ್ಲಿಸಬಹುದಾದ ಕಾಣಿಕೆ. ಪೂಜ್ಯರ ಚರಣಗಳಿಗೆ ತ್ರಿಕಾಲ ನಮೋಸ್ತು.